ಒಬ್ಬ ಅಧಿಕಾರಿಯ ಕಡತ, ನಾಲ್ಕು ಸಂಪುಟ: ಶಿವಮೊಗ್ಗದ ಒಂದು ಬೈಂಡಿಂಗ್ ಅಂಗಡಿಯ ಕೆಲಸ

ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ ಅಪ್ಪ ಮತ್ತು ಮಗಳು ನಡೆಸುವ ಜೆರಾಕ್ಸ್ ಹಾಗೂ ಬೈಂಡಿಂಗ್ ಅಂಗಡಿಯೊಂದಿದೆ. ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ, ಅಡಿಕೆ ಮಂಡಿಗಳ ಲೆಕ್ಕದ ಪುಸ್ತಕ, ಪಂಚಾಯಿತಿಗಳ ರಿಜಿಸ್ಟರು, ಇಷ್ಟರಲ್ಲೇ ಅವರಿಗೆ ಕೈತುಂಬ ಕೆಲಸ. ಹೆಸರು ಹಾಕಿ ಬರೆದರೆ ಇನ್ನಷ್ಟು ಜನ ಬಂದು ನಿಲ್ಲುತ್ತಾರೆ, ದಯವಿಟ್ಟು ಹಾಕಬೇಡಿ ಎಂದು ಅವರೇ ಕೇಳಿಕೊಂಡದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಮಲೆನಾಡಿನ ಯಾವ ಊರಿನಲ್ಲಾದರೂ ಸರಿ, ದೊಡ್ಡ ದಾಖಲೆಗಳನ್ನು ಮುದ್ರಿಸಿ ಹೊಲಿಸಿ ಇಟ್ಟುಕೊಳ್ಳಬೇಕೆನ್ನುವವರು ಅಂಗಡಿಯವರಿಂದ ಏನನ್ನು ಕೇಳಿ ಪಡೆಯಬೇಕು, ಯಾವುದಕ್ಕೆ ದುಡ್ಡು ಕೊಡುವುದು ದಂಡ ಎಂಬುದು ಈ ಒಂದು ಕೆಲಸದಿಂದ ಸಾಕಷ್ಟು ಸ್ಪಷ್ಟವಾಗುತ್ತದೆ.

ನಾವು ಕೊಟ್ಟ ಕೆಲಸ ಸ್ವಲ್ಪ ತರಲೆಯದೇ ಆಗಿತ್ತು. ತೀರ್ಥಹಳ್ಳಿ ಸೀಮೆಯ ಕೆಲವು ಶಿಕ್ಷಕರು, ನಿವೃತ್ತರೂ ಸೇವೆಯಲ್ಲಿರುವವರೂ ಸೇರಿ, ರಾಷ್ಟ್ರೀಯ ಶಿಕ್ಷಣ ನೀತಿಯ ಮೂಲ ದಾಖಲೆಗಳನ್ನು ಒಟ್ಟಿಗೆ ಕೂತು ಓದುವ ಕೂಟವೊಂದನ್ನು ಮಾಡಿಕೊಂಡಿದ್ದೇವೆ. 2020ರ ಜುಲೈ 29ರಂದು ಹೊಸ ನೀತಿಗೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಸಿಕ್ಕ ದಿನದಿಂದ ಅದರ ಪರವಾಗಿ ಮತ್ತು ವಿರುದ್ಧವಾಗಿ ನಾವು ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಆದರೆ ಅದಕ್ಕೂ ಹಿಂದಿನ 1968ರ ಮತ್ತು 1986ರ ನೀತಿಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ನಮ್ಮ ನಡುವೆ ಹೆಚ್ಚು ಜನ ಇರಲಿಲ್ಲ. ನೀತಿಗಳನ್ನು ಬಿಡಿಬಿಡಿಯಾಗಿ ಓದುವ ಬದಲು, ಅವುಗಳನ್ನು ಬರೆಯುವುದರಲ್ಲೂ ಜಾರಿಗೆ ತರುವುದರಲ್ಲೂ ತೊಡಗಿಕೊಂಡಿದ್ದ ಒಬ್ಬ ಅಧಿಕಾರಿಯ ವೃತ್ತಿಯ ದಾರಿ ಹಿಡಿದು ಓದೋಣ ಎಂದು ತೀರ್ಮಾನವಾಯಿತು. ಆರಿಸಿಕೊಂಡದ್ದು ಅನಿಲ್ ಬೋರ್ಡಿಯಾ ಅವರನ್ನು.

1934ರಲ್ಲಿ ಇಂದೋರಿನಲ್ಲಿ ಹುಟ್ಟಿದ ಬೋರ್ಡಿಯಾ 1957ರ ತಂಡದ, ರಾಜಸ್ಥಾನ ಕೇಡರಿನ ಐಎಎಸ್ ಅಧಿಕಾರಿ. ಐಎಎಸ್ ಅಧಿಕಾರಿಗಳು ಇವತ್ತು ಕೃಷಿ, ನಾಳೆ ಕೈಗಾರಿಕೆ ಎಂದು ಇಲಾಖೆಯಿಂದ ಇಲಾಖೆಗೆ ಓಡಾಡುವುದೇ ವಾಡಿಕೆಯಾಗಿರುವಾಗ ಇವರು ಮತ್ತೆ ಮತ್ತೆ ಶಿಕ್ಷಣಕ್ಕೇ ಮರಳಿದರು. 1978ರ ಅಕ್ಟೋಬರ್ 2ರಂದು ಶುರುವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿ ಅವರ ಪಾತ್ರ ದೊಡ್ಡದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನೂ ಅದರ ಕಾರ್ಯಯೋಜನೆಯನ್ನೂ ರೂಪಿಸಿದವರಲ್ಲಿ ಅವರು ಪ್ರಮುಖರು. ಮುಂದೆ ಕೇಂದ್ರ ಶಿಕ್ಷಣ ಕಾರ್ಯದರ್ಶಿಯಾಗಿ 1992ರಲ್ಲಿ ನಿವೃತ್ತರಾದರು. ನಿವೃತ್ತಿಯಾದ ಮೇಲೆ ರಾಜಸ್ಥಾನಕ್ಕೆ ಹೋಗಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಮುಟ್ಟಿಸುವ ಲೋಕ ಜುಂಬಿಶ್ ಎಂಬ ಯೋಜನೆಯನ್ನು ಕಟ್ಟಿದರು, 2001ರಲ್ಲಿ ಹದಿಹರೆಯದವರಿಗಾಗಿ ದೂಸ್ರಾ ದಶಕ್ ಆರಂಭಿಸಿದರು. 2010ರಲ್ಲಿ ಪದ್ಮಭೂಷಣ ಬಂತು, 2012ರಲ್ಲಿ ತೀರಿಕೊಂಡರು. ಇಂಥವರ ಕಡತವನ್ನು ಕಟ್ಟುವುದರಲ್ಲಿ ಒಂದು ತೊಡಕಿದೆ: ಸರ್ಕಾರಿ ದಾಖಲೆಗಳಲ್ಲಿ ಅಧಿಕಾರಿಯ ಹೆಸರು ಇರುವುದೇ ಅಪರೂಪ. ಮುನ್ನುಡಿಗೆ ಸಹಿ ಮಂತ್ರಿಯದು, ವರದಿಯ ಮೇಲಿನ ಹೆಸರು ಸಮಿತಿಯ ಅಧ್ಯಕ್ಷರದು. ಅಧಿಕಾರಿಯ ಕೆಲಸ ಕಾಣುವುದು ಕಾರ್ಯಯೋಜನೆಯ ಅಧ್ಯಾಯಗಳಲ್ಲಿ, ಅನುಬಂಧಗಳಲ್ಲಿ, ಅಡ್ಡಡ್ಡ ಮುದ್ರಿಸಿದ ಹಣಕಾಸಿನ ಕೋಷ್ಟಕಗಳಲ್ಲಿ. ಸಾಮಾನ್ಯ ಜೆರಾಕ್ಸಿನಲ್ಲಿ ಮೊದಲು ಕೆಡುವುದೂ, ಬೈಂಡಿಂಗಿನಲ್ಲಿ ಮೊದಲು ಕತ್ತರಿಸಿ ಹೋಗುವುದೂ ಈ ಪುಟಗಳೇ.

ದಾಖಲೆಗಳು ಸಿಗುವುದು ಕಷ್ಟವಾಗಲಿಲ್ಲ. ಶಿಕ್ಷಣ ಯೋಜನೆ ಮತ್ತು ಆಡಳಿತದ ಅಧ್ಯಯನಕ್ಕೆಂದೇ ಇರುವ ದೆಹಲಿಯ ನೀಪಾ ಸಂಸ್ಥೆ ಹಳೆಯ ಶಿಕ್ಷಣ ವರದಿಗಳನ್ನು ಸ್ಕ್ಯಾನ್ ಮಾಡಿ ತನ್ನ ಡಿಜಿಟಲ್ ಸಂಗ್ರಹದಲ್ಲಿ ಎಲ್ಲರಿಗೂ ಓದಲು ಇಟ್ಟಿದೆ. ಫೋನಿನಲ್ಲೇ ಓದಬಹುದಲ್ಲ ಎನ್ನುವವರು ಒಮ್ಮೆ 1986ರ ಕಾರ್ಯಯೋಜನೆಯ ಕೋಷ್ಟಕವನ್ನು ಅಂಗೈಯಗಲದ ಪರದೆಯಲ್ಲಿ ತೆರೆದು ನೋಡಬೇಕು. ನಾವು ಪೆನ್ ಡ್ರೈವಿನಲ್ಲಿ ಎಲ್ಲವನ್ನೂ ತುಂಬಿಕೊಂಡು ಶಿವಮೊಗ್ಗಕ್ಕೆ ಹೋದೆವು.

ಅಂಗಡಿಯ ಹಿರಿಯರು ಕಾಗದ ಮುಟ್ಟುವ ಮೊದಲೇ ಕೇಳಿದ ಪ್ರಶ್ನೆ, ಇದನ್ನು ಎಷ್ಟು ಜನ ಓದುತ್ತೀರಿ, ಎಲ್ಲಿ ಇಡುತ್ತೀರಿ ಎಂಬುದು. ತೀರ್ಥಹಳ್ಳಿಯ ಕಡೆ, ಹಂಚಿನ ಮಾಡಿನ ಮನೆಯ ಜಗಲಿಯ ಕಪಾಟು ಎಂದಾಗ ಅವರು ನಕ್ಕು, "ಮೇಷ್ಟ್ರೇ, ಸ್ಪೈರಲ್ ಹಾಕಿಸ್ಕಂಡ್ರೆ ಇವತ್ತೇ ತಗಂಡು ಹೋಗ್ಬಹುದು. ಆದ್ರೆ ಎರಡು ಮಳೆಗಾಲ ಕಳೆದ್ರೆ ಸುರುಳಿ ಒಂದೇ ಉಳಿಯೋದು" ಎಂದರು. ಕೆಲಸ ಬೇಗ ಮುಗಿಸಿ ದುಡ್ಡು ಎಣಿಸಿಕೊಳ್ಳುವ ಅವಕಾಶವಿದ್ದಾಗ ಗಿರಾಕಿಗೆ ಹೀಗೆ ಹೇಳುವ ಅಂಗಡಿಗೆ ಅರ್ಧ ಅಂಕವನ್ನು ಅಲ್ಲೇ ಕೊಡಬೇಕು.

ಮಗಳ ಕೆಲಸ ಕಂಪ್ಯೂಟರಿನ ಮುಂದೆ. ಹಳೆಯ ಸ್ಕ್ಯಾನ್ ಪುಟಗಳ ಅಂಚಿನಲ್ಲಿ ಬರುವ ಕಪ್ಪು ನೆರಳನ್ನು ಅಳಿಸಿ, ಓರೆಯಾದ ಪುಟಗಳನ್ನು ನೇರ ಮಾಡಿ, ಅಕ್ಷರವನ್ನು ತುಸು ಚಿಕ್ಕದಾಗಿಸಿ, ಹೊಲಿಗೆಯ ಬದಿಗೆ ಸುಮಾರು ಒಂದು ಇಂಚು ಜಾಗ ಬಿಡುವ ಕೆಲಸವನ್ನು ಆಕೆ ಕೇಳದೆಯೇ ಮಾಡಿದರು. ಇದು ಸಣ್ಣ ಸಂಗತಿಯಂತೆ ಕಂಡರೂ ಬಿಡಿ ಹಾಳೆಗಳ ಬೈಂಡಿಂಗಿನಲ್ಲಿ ಎಲ್ಲವೂ ನಿಂತಿರುವುದು ಇದರ ಮೇಲೆಯೇ. ಎ4 ಬಿಡಿ ಹಾಳೆಗಳನ್ನು ಬದಿಯಲ್ಲಿ ತೂತು ಮಾಡಿ ದಾರ ಹಾಕಿ ಹೊಲಿದರೆ ಪುಸ್ತಕ ಗಟ್ಟಿಯಾಗುತ್ತದೆ, ಆದರೆ ಪೂರ್ತಿ ತೆರೆದುಕೊಳ್ಳುವುದಿಲ್ಲ. ಬದಿಯ ಜಾಗ ಸಾಲದಿದ್ದರೆ ಪ್ರತಿ ಸಾಲಿನ ಮೊದಲ ಎರಡು ಅಕ್ಷರ ಹೊಲಿಗೆಯೊಳಗೆ ಹೋಗಿ ಕೂರುತ್ತವೆ. ಪುಸ್ತಕ ಮೇಜಿನ ಮೇಲೆ ಅಂಗಾತ ತೆರೆದುಕೊಳ್ಳಬೇಕೆಂದರೆ ದೊಡ್ಡ ಎ3 ಹಾಳೆಯಲ್ಲಿ ಪುಟಗಳನ್ನು ಹಿಂದುಮುಂದು ಜೋಡಿಸಿ ಮುದ್ರಿಸಿ, ಮಡಚಿ, ಕಂತೆ ಕಂತೆಯಾಗಿ ಮಡಿಕೆಯ ನಡುವೆ ಹೊಲಿಯಬೇಕು. ಇದಕ್ಕೆ ಹೆಚ್ಚು ಸಮಯ, ಹೆಚ್ಚು ದುಡ್ಡು. ಎಲ್ಲ ನಾಲ್ಕು ಸಂಪುಟಕ್ಕೂ ಅದು ಬೇಡ, ನೀವು ಪಕ್ಕಪಕ್ಕ ಇಟ್ಟು ಹೋಲಿಸಿ ಓದುವ ಎರಡಕ್ಕೆ ಮಾತ್ರ ಸಾಕು ಎಂದು ಸಲಹೆ ಕೊಟ್ಟವರೂ ಆಕೆಯೇ.

ಅಂಟಿನ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು. ಈಗಿನ ಬಹುಪಾಲು ಅಂಗಡಿಗಳಲ್ಲಿ ಬಿಳಿ ಪ್ಲಾಸ್ಟಿಕ್ ಅಂಟೊಂದೇ. ಇಲ್ಲಿ ಪುಸ್ತಕದ ಬೆನ್ನಿಗೆ ಅದನ್ನು ಹಚ್ಚುತ್ತಾರಾದರೂ, ರಟ್ಟಿಗೆ ಬಟ್ಟೆ ಮತ್ತು ಒಳಕಾಗದ ಅಂಟಿಸುವುದಕ್ಕೆ ಮೈದಾಹಿಟ್ಟನ್ನು ಒಲೆಯ ಮೇಲೆ ಕಾಯಿಸಿ, ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ ಕದಡುತ್ತಾರೆ. ಮಳೆಗಾಲ ಹಿಡಿಯುವ ಮುಂಚೆ ಅಡಿಕೆ ಗೊನೆಗೆ ಕೊಳೆರೋಗ ಬಾರದಿರಲೆಂದು ಸುಣ್ಣದ ಜೊತೆ ಸೇರಿಸಿ ಹೊಡೆಯುವ ಅದೇ ಮೈಲುತುತ್ತ. ಬರೀ ಹಿಟ್ಟಿನ ಅಂಟು ಪುಸ್ತಕದ ಹುಳಕ್ಕೂ ಬೂಷ್ಟಿಗೂ ಹಬ್ಬದೂಟವಿದ್ದಂತೆ. ತಾಮ್ರದ ಅಂಶ ಸೇರಿದರೆ ಅವು ಹತ್ತಿರ ಸುಳಿಯುವುದು ಕಡಿಮೆ. ಹಾಗೆಂದು ಹೆಚ್ಚು ಸುರಿದರೆ ಕಾಗದಕ್ಕೇ ಕೇಡು, ನೀಲಿ ಕಲೆ ಬೇರೆ. ಅಳತೆ ಎಷ್ಟೆಂದು ಕೇಳಿದರೆ ಹಿರಿಯರು ಬಾಯಿಬಿಡಲಿಲ್ಲ. ಹೊದಿಕೆಗೆ ರೆಕ್ಸಿನ್ ಹಾಕಿಸಬೇಕೆಂದಿದ್ದ ನಮ್ಮನ್ನು ತಡೆದು ದಪ್ಪ ಕ್ಯಾಲಿಕೊ ಬಟ್ಟೆಗೆ ಒಪ್ಪಿಸಿದ್ದೂ ಸರಿಯಾಗಿಯೇ ಇತ್ತು. ರೆಕ್ಸಿನ್ ನೋಡಲು ಚೆಂದ, ಆದರೆ ನಮ್ಮ ಕಡೆಯ ಥಂಡಿಯಲ್ಲಿ ಅದರ ಮೇಲ್ಪದರ ಅಂಟಂಟಾಗಿ ಪಕ್ಕದ ಪುಸ್ತಕಕ್ಕೆ ಮೆತ್ತಿಕೊಳ್ಳುತ್ತದೆ.

ಇನ್ನು ಈ ಕೆಲಸ ಓದಿಗೆ ಹೇಗೆ ಒದಗಿತು ಎಂಬುದು. ಮೊದಲ ಸಂಪುಟ ಹಿನ್ನೆಲೆಯದು: 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗದ ವರದಿಯ ಆಯ್ದ ಅಧ್ಯಾಯಗಳು, 1968ರ ನೀತಿ, 1978ರ ವಯಸ್ಕರ ಶಿಕ್ಷಣ ಕಾರ್ಯಕ್ರಮದ ದಾಖಲೆಗಳು. ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದ ಜೆ. ಪಿ. ನಾಯಕರು ಐಎಎಸ್ ಅಲ್ಲದಿದ್ದರೂ ನಮ್ಮ ಕೂಟಕ್ಕೆ ಹತ್ತಿರದವರು; ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು. ಬದಿ ಹೊಲಿಗೆಯ ಈ ಸಂಪುಟವನ್ನು ಓದುವಾಗ ಒಂದು ಕೈ ಪುಟವನ್ನು ಒತ್ತಿ ಹಿಡಿದೇ ಇರಬೇಕು. ಅದು ನಮಗೆ ಗೊತ್ತಿದ್ದೇ ಒಪ್ಪಿದ್ದು.

ದುಡ್ಡು ಕೊಟ್ಟದ್ದಕ್ಕೆ ಸಾರ್ಥಕವಾಯಿತು ಅನ್ನಿಸಿದ್ದು ಎರಡು ಮತ್ತು ಮೂರನೆಯ ಸಂಪುಟಗಳಲ್ಲಿ. ಎರಡನೆಯದರಲ್ಲಿ ಚರ್ಚೆಗೆಂದು 1985ರ ಆಗಸ್ಟಿನಲ್ಲಿ ಹೊರಬಂದ ಸರ್ಕಾರಿ ಪುಸ್ತಿಕೆ, 1986ರ ಮೇ ತಿಂಗಳ ನೀತಿ, ಅದೇ ವರ್ಷದ ಆಗಸ್ಟಿನ ಕಾರ್ಯಯೋಜನೆ ಇವೆ. ಮೂರನೆಯದರಲ್ಲಿ ಆ ನೀತಿಯನ್ನು ಮರುಪರಿಶೀಲಿಸಿದ ಆಚಾರ್ಯ ರಾಮಮೂರ್ತಿ ಸಮಿತಿಯ 1990ರ ವರದಿ, ಜನಾರ್ದನ ರೆಡ್ಡಿ ಸಮಿತಿಯ 1992ರ ವರದಿ, ತಿದ್ದಿದ ನೀತಿ ಮತ್ತು 1992ರ ಕಾರ್ಯಯೋಜನೆ. ಎರಡನ್ನೂ ಮೇಜಿನ ಮೇಲೆ ಅಂಗಾತ ತೆರೆದು, ನೀತಿಯ 5.12ನೆಯ ಪ್ಯಾರಾವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಭಾಷಣದಲ್ಲೂ ಕೇಳದ ಸಂಗತಿ ಕಣ್ಣಿಗೆ ಬೀಳುತ್ತದೆ. 1986ರ ಪ್ಯಾರಾ 1990ರ ಹೊತ್ತಿಗೆ ಹನ್ನೊಂದರ ಆಸುಪಾಸಿನ ಎಲ್ಲ ಮಕ್ಕಳೂ ಐದು ವರ್ಷದ ಶಾಲೆಯನ್ನೋ ಅದಕ್ಕೆ ಸಮನಾದ ಅನೌಪಚಾರಿಕ ಶಿಕ್ಷಣವನ್ನೋ ಮುಗಿಸಿರುತ್ತಾರೆ, 1995ರ ಹೊತ್ತಿಗೆ ಹದಿನಾಲ್ಕರವರೆಗಿನ ಎಲ್ಲರಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಸಿಕ್ಕಿರುತ್ತದೆ ಎಂದು ಹೇಳುತ್ತದೆ. 1992ರ ಪ್ಯಾರಾದಲ್ಲಿ ಆ ಎರಡೂ ಇಸವಿಗಳು ಮಾಯ. ಅವುಗಳ ಜಾಗದಲ್ಲಿ ಇಪ್ಪತ್ತೊಂದನೆಯ ಶತಮಾನಕ್ಕೆ ಕಾಲಿಡುವ ಮುಂಚೆ ಎಂಬ ಮಾತು ಮತ್ತು ಶಿಕ್ಷಣ ತೃಪ್ತಿಕರ ಗುಣಮಟ್ಟದ್ದಾಗಿರಬೇಕೆಂಬ ಹೊಸ ಷರತ್ತು ಬಂದು ಕೂತಿವೆ. ಅಲ್ಲೇ ಹತ್ತಿರದಲ್ಲಿ, ಪ್ರಾಥಮಿಕ ಶಾಲೆಗಳಿಗೆ ಕನಿಷ್ಠ ಸೌಲಭ್ಯ ಒದಗಿಸುವ ಆಪರೇಷನ್ ಬ್ಲಾಕ್‌ಬೋರ್ಡಿನ ಭಾಗವಿದೆ. ಮೊದಲ ನೀತಿಯಲ್ಲಿ ಪ್ರತಿ ಶಾಲೆಗೆ ಎಲ್ಲ ಹವಾಮಾನದಲ್ಲೂ ಬಳಸಬಹುದಾದ ಎರಡು ದೊಡ್ಡ ಕೋಣೆ, ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಮಹಿಳೆ. ತಿದ್ದಿದ ನೀತಿಯಲ್ಲಿ ಅದು ಮೂರು ಕೋಣೆ, ಮೂವರು ಶಿಕ್ಷಕರು. ಎಲ್ಲ ಹವಾಮಾನ ಎಂಬ ಮಾತಿಗೆ ಆಗುಂಬೆ, ಹುಲಿಕಲ್ಲಿನ ಕಡೆ ಪಾಠ ಮಾಡಿದ ನಮ್ಮ ಸದಸ್ಯರೊಬ್ಬರು ಒಂದು ಸಂಜೆಯಿಡೀ ವ್ಯಾಖ್ಯಾನ ಕೊಟ್ಟರು, ಅದು ಬೇರೆ ಮಾತು.

ಬೋರ್ಡಿಯಾ ಅವರಂಥ ಅಧಿಕಾರಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದೂ ತಕರಾರು ಹುಟ್ಟಿದ್ದೂ ಈ ಎರಡು ಸಂಪುಟಗಳ ನಡುವೆಯೇ. 1968ರ ನೀತಿಗೆ ವಿವರವಾದ ಕಾರ್ಯಯೋಜನೆಯ ಬೆಂಬಲವಿರಲಿಲ್ಲವೆಂದು 1986ರ ನೀತಿಯೇ ತನ್ನ ಆರಂಭದಲ್ಲಿ ಒಪ್ಪಿಕೊಂಡಿದೆ. ಹಾಗಾಗಿಯೇ ಈ ಬಾರಿ ಮೂರೇ ತಿಂಗಳಲ್ಲಿ ಯಾರು, ಯಾವಾಗ, ಯಾವ ದುಡ್ಡಿನಲ್ಲಿ ಎಂಬುದನ್ನು ಬರೆಯುವ ಕಾರ್ಯಯೋಜನೆ ತಯಾರಾಯಿತು. ಶಿಕ್ಷಕರ ತರಬೇತಿಗೆ ಜಿಲ್ಲೆಗೊಂದು ಡಯಟ್ ಸಂಸ್ಥೆ, ನಮ್ಮ ಗಾಜನೂರಿನಲ್ಲೂ ಇರುವ ನವೋದಯ ವಿದ್ಯಾಲಯ, 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್, 1989ರಲ್ಲಿ ಕರ್ನಾಟಕವೂ ಸೇರಿ ಮೂರು ರಾಜ್ಯಗಳಲ್ಲಿ ಹಳ್ಳಿಯ ಹೆಂಗಸರ ಶಿಕ್ಷಣಕ್ಕೆಂದು ಆರಂಭವಾದ ಮಹಿಳಾ ಸಮಖ್ಯಾ, ಇವೆಲ್ಲ ಆ ಕಾಲದ ಕೂಸುಗಳು. ಆದರೆ ಶಾಲೆಗೆ ಬಾರದ ಮಗುವಿಗೆ ಶಾಲೆಗೆ ಸಮನಾದ ಇನ್ನೊಂದು ವ್ಯವಸ್ಥೆ ಎಂಬ ಅನೌಪಚಾರಿಕ ಶಿಕ್ಷಣದ ಏರ್ಪಾಡು ಬಡವರ ಮಕ್ಕಳಿಗೆ ಎರಡನೆಯ ದರ್ಜೆಯ ದಾರಿಯನ್ನು ಕಾಯಂ ಮಾಡಿತು ಎಂಬ ಟೀಕೆಯನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ರಾಷ್ಟ್ರೀಯ ವರಮಾನದ ಶೇಕಡಾ 6ಕ್ಕಿಂತ ಹೆಚ್ಚನ್ನು ಶಿಕ್ಷಣಕ್ಕೆ ಕೊಡುವ ಮಾತು ಎರಡೂ ಸಂಪುಟಗಳಲ್ಲಿದೆ, ನಾಲ್ಕನೆಯದರ ಕೊನೆಗೆ ಹೋಲಿಕೆಗೆಂದು ಸೇರಿಸಿದ 2020ರ ನೀತಿಯಲ್ಲೂ ಶೇಕಡಾ 6ರ ಗುರಿ ಮತ್ತೆ ಬರುತ್ತದೆ.

ನಾಲ್ಕನೆಯ ಸಂಪುಟ ನಿವೃತ್ತಿಯ ನಂತರದ್ದು, ಬದಿ ಹೊಲಿಗೆಯದು. ಹಿನ್ನೆಲೆಗಾಗಿ 1987ರಲ್ಲಿ ಸ್ವೀಡನ್ನಿನ ನೆರವಿನಿಂದ ರಾಜಸ್ಥಾನದಲ್ಲಿ ಶುರುವಾದ ಶಿಕ್ಷಾಕರ್ಮಿ ಯೋಜನೆಯ ಕಾಗದಗಳನ್ನೂ ಇದರಲ್ಲೇ ಸೇರಿಸಿದ್ದೇವೆ: ಮೇಷ್ಟ್ರು ಹೋಗಿ ನಿಲ್ಲದ ದೂರದ ಹಳ್ಳಿಗಳಲ್ಲಿ ಆ ಊರಿನವರನ್ನೇ, ಓದು ಕಡಿಮೆಯಿದ್ದರೂ, ಆರಿಸಿ ತರಬೇತಿ ಕೊಟ್ಟು ಪಾಠಕ್ಕೆ ನಿಲ್ಲಿಸುವ ಯೋಜನೆ ಅದು. ಲಿಂಗನಮಕ್ಕಿಯ ಹಿನ್ನೀರಿನಾಚೆಯ ತುಮರಿ ಕಡೆಗೆ ವರ್ಗವಾದರೆ ರಜೆ ಹಾಕುತ್ತಿದ್ದವರನ್ನು ಕಂಡಿರುವ ನಮಗೆ ಇದು ಮರುಭೂಮಿಯ ಕಥೆಯೆಂದು ಅನ್ನಿಸಲೇ ಇಲ್ಲ. ಲೋಕ ಜುಂಬಿಶ್‌ನಲ್ಲಿ ಹಳ್ಳಿಯವರೇ ಊರಿನ ನಕ್ಷೆ ಬಿಡಿಸಿ, ಮನೆ ಮನೆಯನ್ನೂ ಗುರುತಿಸಿ, ಯಾವ ಮನೆಯ ಯಾವ ಮಗು ಶಾಲೆಯ ಹೊರಗಿದೆ ಎಂದು ತೋರಿಸುವ ಪದ್ಧತಿಯಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ ಸರ್ವ ಶಿಕ್ಷಾ ಅಭಿಯಾನವನ್ನು ಹೊಂದಿಸುವುದು ಹೇಗೆಂದು ಬೋರ್ಡಿಯಾ ಅವರ ಅಧ್ಯಕ್ಷತೆಯ ಸಮಿತಿ 2010ರಲ್ಲಿ ಕೊಟ್ಟ ವರದಿಯೂ, ಅದರ ಬೆನ್ನಿಗೆ ಕಾಯ್ದೆಯ ಮಾದರಿ ನಿಯಮಗಳೂ ಇಲ್ಲಿವೆ. ಆ ನಿಯಮಗಳಲ್ಲಿ ಶಾಲೆಯ ದೂರದ ಬಗ್ಗೆ ಇರುವುದನ್ನು ಮಲೆನಾಡಿನವರು ಓದಲೇಬೇಕು. ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಎಂಬುದು ಎಲ್ಲರಿಗೂ ಗೊತ್ತು. ಭೂಕುಸಿತ, ಪ್ರವಾಹ, ರಸ್ತೆಯಿಲ್ಲದಿರುವಿಕೆ ಇವುಗಳಿಂದ ಮಗುವಿನ ದಾರಿಯಲ್ಲಿ ಅಪಾಯವಿರುವ ಕಡೆ ಆ ದೂರವನ್ನೂ ಇನ್ನಷ್ಟು ತಗ್ಗಿಸಿ ಶಾಲೆಯ ಜಾಗ ಗೊತ್ತು ಮಾಡಬೇಕೆಂದು ಅಲ್ಲಿ ಬರೆದಿರುವುದು ಕಾಲುಸಂಕ ದಾಟಿ ಬರುವ ಮಕ್ಕಳ ಎಷ್ಟು ಪೋಷಕರಿಗೆ ಗೊತ್ತಿದೆ? ಈ ಪುಟಕ್ಕೆ ಅಂಗಡಿಯವರು ಹಾಕಿಕೊಟ್ಟ ಬಟ್ಟೆಯ ಗುರುತುಪಟ್ಟಿ ಈಗಲೇ ಮಾಸಿದೆ.

ಅಗಲದ ಕೋಷ್ಟಕಗಳ ವಿಷಯಕ್ಕೆ ಬರುತ್ತೇನೆ. ಅವುಗಳನ್ನು ಎ3ಯಲ್ಲಿ ಮುದ್ರಿಸಿ, ಬೆನ್ನಿನ ಕಡೆಗೆ ಕಿರಿದಾದ ಕಾಗದದ ಪಟ್ಟಿಯೊಂದನ್ನು ಹೊಲಿದು, ಆ ಪಟ್ಟಿಗೆ ಕೋಷ್ಟಕವನ್ನು ಅಂಟಿಸಿ ಒಳಕ್ಕೆ ಮಡಚಿದ್ದಾರೆ. ಬಿಡಿಸಿದರೆ ಪುಸ್ತಕದ ಹೊರಗೆ ಪೂರ್ತಿ ಹರಡಿಕೊಳ್ಳುತ್ತದೆ. ಕೆಲಸ ಚೊಕ್ಕ. ಆದರೆ ಮೂರನೆಯ ಸಂಪುಟದಲ್ಲಿ ಒಂದು ಮಡಿಕೆ ಅಂಚಿನಾಚೆ ಚಾಚಿಕೊಂಡಿದ್ದನ್ನು ಗಮನಿಸದೆ ಕಟಿಂಗ್ ಮಷಿನ್ನಿಗೆ ಕೊಟ್ಟದ್ದರಿಂದ ಕೋಷ್ಟಕದ ಕೊನೆಯ ಕಾಲಂ, ಅಂದರೆ ಒಟ್ಟು ಮೊತ್ತದ ಕಾಲಂ, ಕತ್ತರಿಸಿ ಹೋಗಿತ್ತು. ತೋರಿಸಿದಾಗ ವಾದ ಮಾಡಲಿಲ್ಲ. ಪಟ್ಟಿಯಿಂದ ಹಳೆಯ ಹಾಳೆ ಬಿಡಿಸಿ, ಹೊಸದು ಮುದ್ರಿಸಿ ಅಂಟಿಸಿಕೊಟ್ಟರು, ಹೆಚ್ಚಿನ ದುಡ್ಡು ಕೇಳಲಿಲ್ಲ. ಬೆನ್ನಿನ ಮೇಲಿನ ಹೆಸರಿನ ಬಗ್ಗೆ ನನಗೆ ಸಮಾಧಾನವಿಲ್ಲ. ಬಂಗಾರದ ಬಣ್ಣದ ಅಚ್ಚಿಗೆ ಅವರಲ್ಲಿ ಇಂಗ್ಲಿಷ್ ಅಚ್ಚುಮೊಳೆಗಳಷ್ಟೇ ಇವೆ, ಕನ್ನಡಕ್ಕೆ ಕಾಗದದ ಚೀಟಿ. ಆ ಚೀಟಿಯ ಮೂಲೆಗಳು ಮೊದಲ ಮಳೆಗೇ ಎದ್ದಿವೆ. ಶಿವಮೊಗ್ಗದಂಥ ಊರಿನಲ್ಲಿ, ವರ್ಷವಿಡೀ ಕನ್ನಡ ಪುಸ್ತಕಗಳನ್ನೇ ಹೊಲಿಯುವ ಅಂಗಡಿಯಲ್ಲಿ, ಒಂದು ಜೊತೆ ಕನ್ನಡ ಮೊಳೆ ಮಾಡಿಸಿ ಇಟ್ಟುಕೊಳ್ಳದಿರುವುದಕ್ಕೆ ಖರ್ಚಿನ ಹೊರತು ಬೇರೆ ಕಾರಣ ಕಾಣುವುದಿಲ್ಲ.

ಹೇಳಿದ ದಿನಕ್ಕೆ ಕೆಲಸ ಸಿಗಲಿಲ್ಲ ಎಂಬುದನ್ನೂ ದಾಖಲಿಸಬೇಕು. ಆರಿದ್ರಾ ಮಳೆ ಹಿಡಿದ ಮೇಲೆ ಅಂಟು ಒಣಗುವುದಿಲ್ಲ, ಒಣಗದ ಪುಸ್ತಕವನ್ನು ಒತ್ತುಪೆಟ್ಟಿಗೆಯಿಂದ ತೆಗೆದರೆ ರಟ್ಟು ಡೊಂಕಾಗುತ್ತದೆ ಎಂಬ ಕಾರಣ ನ್ಯಾಯವಾದದ್ದೇ. ಆದರೆ ಅದನ್ನು ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಬಹುದಿತ್ತು, ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬಂದು ಬರಿಗೈಲಿ ಹಿಂತಿರುಗುವುದು ತಪ್ಪುತ್ತಿತ್ತು. ಫೋನು ಮಾಡಿದರೆ ಎತ್ತುತ್ತಾರೆ, ತಾವಾಗಿ ಮಾಡುವುದಿಲ್ಲ.

ದರ ಒಪ್ಪುವಂಥದ್ದು. ಎರಡೂ ಬದಿಯ ಮುದ್ರಣಕ್ಕೆ ಕಾಲೇಜುಗಳ ಸುತ್ತಮುತ್ತಲಿನ ಅಂಗಡಿಗಳು ಕೇಳುವಷ್ಟೇ ಕೇಳಿದರು, ಮಡಿಕೆ ಹೊಲಿಗೆಯ ಸಂಪುಟಗಳಿಗೆ ಬದಿ ಹೊಲಿಗೆಯವಕ್ಕಿಂತ ಸುಮಾರು ಎರಡು ಪಟ್ಟು ಹಿಡಿಯಿತು, ಪುಟ ಸರಿಪಡಿಸಿದ ಕಂಪ್ಯೂಟರ್ ಕೆಲಸಕ್ಕೆ ಪ್ರತ್ಯೇಕವಾಗಿ ಏನನ್ನೂ ಹಾಕಲಿಲ್ಲ. ಇದು ಆಕೆಗೆ ನಷ್ಟವೇ, ಕೇಳಿದ್ದರೆ ಕೊಡುತ್ತಿದ್ದೆವು. ಇಂಥ ಅಂಗಡಿಗೆ ಹೋಗುವವರು ಕಾಗದ 75 ಅಥವಾ 80 ಜಿಎಸ್‌ಎಂ ಇರಲಿ ಎಂದು ಮೊದಲೇ ಹೇಳಿ, ಅದಕ್ಕಿಂತ ತೆಳುವಾದರೆ ಹಿಂಬದಿಯ ಅಕ್ಷರ ಮೂಡಿ ಹಳೆಯ ಸ್ಕ್ಯಾನ್ ಪುಟಗಳು ಓದಲಾಗುವುದಿಲ್ಲ. ಮಡಚುವ ಪುಟಗಳ ಪಟ್ಟಿಯನ್ನು ಬರೆದುಕೊಂಡು ಹೋಗಿ ಕೈಗೆ ಕೊಡಿ. ಕಡತಗಳನ್ನು ಇಸವಿಯ ಕ್ರಮದಲ್ಲಿ ಹೆಸರಿಟ್ಟು ಪೆನ್ ಡ್ರೈವಿನಲ್ಲಿ ಒಯ್ಯಿರಿ, ವಾಟ್ಸಾಪಿನಲ್ಲಿ ಕಳಿಸಿದರೆ ಇನ್ನೂರು ಪ್ರಾಜೆಕ್ಟ್ ವರದಿಗಳ ನಡುವೆ ಅವು ಸಿಕ್ಕುವುದಿಲ್ಲ. ಮಾರ್ಚಿನಿಂದ ಮೇ ತಿಂಗಳ ನಡುಭಾಗದವರೆಗೆ ಕಾಲೇಜುಗಳ ಕೆಲಸದ ಒತ್ತಡ, ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ದೀಪಾವಳಿಯಿಂದ ಶಿವರಾತ್ರಿಯ ನಡುವೆ ಕೊಟ್ಟ ಕೆಲಸ ಬೇಗವೂ ಆಗುತ್ತದೆ, ರಟ್ಟೂ ನೇರ ನಿಲ್ಲುತ್ತದೆ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ವರದಿಯನ್ನು ಐದನೆಯ ಸಂಪುಟವಾಗಿ ಹೊಲಿಸಬೇಕೆಂದಿದ್ದೇವೆ. ಅದನ್ನೂ ಇಲ್ಲಿಗೇ ಕೊಡುತ್ತೇವೆ, ಚೀಟಿ ಮಾತ್ರ ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿಸಿ ನಾವೇ ಒಯ್ಯುವುದೆಂದು ಗೊತ್ತಾಗಿದೆ.